ಡಾಟ್ ಕಾಫಿ, ಡಾಟ್ ಯೋಗ: ಹೊಸ ಡೊಮೇನ್‌ಗೆ ದುಡ್ಡು ಹಾಕುವ ಮುಂಚೆ ನೋಡಬೇಕಾದ್ದು

ಚೆನ್ನಾಗಿರುವ ಡಾಟ್ ಕಾಮ್ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಈಗ ಸುಲಭಕ್ಕೆ ಸಿಗುವುದಿಲ್ಲ. ಎರಡು ಪದ ಜೋಡಿಸಿ ಹುಡುಕಿದರೂ ಯಾರೋ ಒಬ್ಬರು ಮೊದಲೇ ಹಿಡಿದಿಟ್ಟಿರುತ್ತಾರೆ. ಅದೇ ಹೆಸರಿಗೆ ಡಾಟ್ ನಂತರದ ಪದ ಬದಲಾಯಿಸಿ ನೋಡಿ. ಡಾಟ್ ಕಾಫಿ ಖಾಲಿ, ಡಾಟ್ ಯೋಗ ಖಾಲಿ, ಡಾಟ್ ಫಾರ್ಮ್ ಖಾಲಿ. ಎಷ್ಟೋ ಸಲ ಮೊದಲ ವರ್ಷಕ್ಕೆ ಇನ್ನೂರೋ ಮುನ್ನೂರೋ ರೂಪಾಯಿ ಅಂತ ಆಫರ್ ಬೇರೆ ಇರುತ್ತದೆ. ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಗೋ ಮೈಸೂರಿನ ಯೋಗ ಮೇಷ್ಟ್ರಿಗೋ ಇದು ಹಿಡಿಸಿದರೆ ಆಶ್ಚರ್ಯವಿಲ್ಲ. ಇನ್ನು ಕೆಲವರ ಲೆಕ್ಕ ಬೇರೆ. ಈಗ ಹತ್ತು ಹೆಸರು ಕೊಂಡಿಟ್ಟರೆ, ನಾಳೆ ಒಂದು ಮಾರಿ ಎಲ್ಲದರ ದುಡ್ಡೂ ವಾಪಸ್ ತೆಗೆಯಬಹುದು ಅಲ್ವಾ?

ಸ್ವಂತ ಬಳಕೆಗೆ ಕೊಳ್ಳುವುದಾದರೆ ಹಲವರಿಗೆ ಇದು ಒಳ್ಳೆಯ ಖರ್ಚು. ಮಾರುವುದಕ್ಕೆ ಅಂತ ಕೊಳ್ಳುವುದಾದರೆ ಹೆಚ್ಚಿನವರಿಗೆ ನಷ್ಟ. ಎರಡನ್ನೂ ತೀರ್ಮಾನಿಸುವುದು ಕೊಂಡ ಬೆಲೆ ಅಲ್ಲವೇ ಅಲ್ಲ, ವರ್ಷ ವರ್ಷ ಕಟ್ಟಬೇಕಾದ ರಿನ್ಯೂವಲ್. ಡೊಮೇನ್ ಅಂದರೆ ಲೇಔಟ್‌ನಲ್ಲಿ ಜಾಗ ಕೊಂಡು ಬೇಲಿ ಹಾಕಿ ಸುಮ್ನೆ ಬಿಟ್ಟ ಹಾಗಲ್ಲ. ಪ್ರತಿ ವರ್ಷ ಗುತ್ತಿಗೆ ಕಟ್ಟುತ್ತಿರಬೇಕು, ಕಟ್ಟದಿದ್ದರೆ ಜಾಗ ಹೋಯಿತು. ಈ ಲೇಖನದ ಉಳಿದ ಮಾತೆಲ್ಲ ಇದರ ಸುತ್ತಲೇ ಇದೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2012ರಲ್ಲಿ ಹೊಸ ಎಕ್ಸ್‌ಟೆನ್ಶನ್‌ಗಳಿಗೆ, ಅಂದರೆ ಡಾಟ್ ನಂತರ ಬರುವ ಪದಗಳಿಗೆ, ಅರ್ಜಿ ಕರೆಯಿತು. ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ. ಆದರೂ 1,930 ಅರ್ಜಿ ಬಂದವು. 2013ರ ಅಕ್ಟೋಬರ್‌ನಲ್ಲಿ ಮೊದಲ ನಾಲ್ಕು ಜಾರಿಗೆ ಬಂದವು. ತಮಾಷೆ ಅಂದರೆ ಆ ನಾಲ್ಕರಲ್ಲಿ ಒಂದೂ ಇಂಗ್ಲಿಷ್ ಅಕ್ಷರದ್ದಲ್ಲ. ಒಂದು ಅರೇಬಿಕ್, ಒಂದು ಚೀನೀ, ಎರಡು ರಷ್ಯನ್. 2014ರಿಂದ ಡಾಟ್ ಬೈಕ್, ಡಾಟ್ ಕ್ಲೋದಿಂಗ್, ಡಾಟ್ ಫೋಟೋಗ್ರಫಿ ಥರದ್ದು ಸಾಲಾಗಿ ಬಂದವು. ಕೊನೆಗೆ ಸಾವಿರದ ಇನ್ನೂರಕ್ಕೂ ಜಾಸ್ತಿ ಆದವು. ದೊಡ್ಡವರು ದೊಡ್ಡ ದುಡ್ಡೇ ಹಾಕಿದರು. ಡಾಟ್ ಆಪ್‌ಗಾಗಿ ಗೂಗಲ್ 2015ರ ಹರಾಜಿನಲ್ಲಿ ಎರಡೂವರೆ ಕೋಟಿ ಡಾಲರ್ ಕೊಟ್ಟಿತು. ಡಾಟ್ ಶಾಪ್‌ಗೆ ಜಪಾನಿನ ಜಿಎಂಒ 2016ರಲ್ಲಿ 4.15 ಕೋಟಿ ಡಾಲರ್ ಕೊಟ್ಟಿತು. ಆ ದುಡ್ಡು ಅವರಿಗೆ ವಾಪಸ್ ಬರಬೇಕಾದ್ದು ಯಾರಿಂದ ಅನ್ನೋದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಹಂತ 1: ಬಳಸೋಕಾ, ಮಾರೋಕಾ?

ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಬಳಸುವವರಿಗೆ ಒಂದು ಹೆಸರು ಸಾಕು, ಜಾಸ್ತಿ ಅಂದರೆ ಎರಡು. ಅವರಿಗೆ ವರ್ಷಕ್ಕೆ ಮೂರು ಸಾವಿರ ಹೋದರೂ ಅಂಗಡಿ ಬೋರ್ಡಿನ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ. ಮಾರುವವರಿಗೆ ಹಾಗಲ್ಲ. ಅವರ ಹತ್ತಿರ ಐವತ್ತು ಹೆಸರಿದ್ದರೆ ಐವತ್ತಕ್ಕೂ ಬಾಡಿಗೆ ಓಡುತ್ತಿರುತ್ತದೆ. "ಸದ್ಯಕ್ಕೆ ಕೊಂಡಿಡೋಣ, ಬಳಸಿದರೆ ಬಳಸೋಣ, ಇಲ್ಲದಿದ್ದರೆ ಮಾರೋಣ" ಅನ್ನುವವರು ಸಾಮಾನ್ಯವಾಗಿ ಎರಡನ್ನೂ ಮಾಡುವುದಿಲ್ಲ.

ಹಂತ 2: ಒಳಗೆ ಯಾರು ಬರಬಹುದು ಅಂತ ನೋಡಿ

ಕ್ಷೇತ್ರಕ್ಕೆ ಮೀಸಲಾದ ಎಕ್ಸ್‌ಟೆನ್ಶನ್‌ಗಳಲ್ಲಿ ಎರಡು ಜಾತಿ. ಮೊದಲನೆಯದು ಹೆಸರಿಗೆ ಮಾತ್ರ ಮೀಸಲು. ಡಾಟ್ ಕಾಫಿ ಕೊಳ್ಳೋಕೆ ಕಾಫಿ ಮಾರಬೇಕಿಲ್ಲ, ಟೀ ಕುಡಿಯುವವರೂ ಕೊಳ್ಳಬಹುದು. ಎರಡನೆಯದಕ್ಕೆ ನಿಜವಾಗಿಯೂ ಬಾಗಿಲಲ್ಲಿ ಕಾವಲು ಇದೆ. 2015ರಲ್ಲಿ ಶುರುವಾದ ಡಾಟ್ ಬ್ಯಾಂಕ್ ಬೇಕಿದ್ದರೆ ನೀವು ಬ್ಯಾಂಕ್ ಅಂತ ದಾಖಲೆ ತೋರಿಸಬೇಕು, ಭದ್ರತೆಯ ಕಡ್ಡಾಯ ನಿಯಮಗಳನ್ನು ಪಾಲಿಸಬೇಕು. ಬೆಲೆಯೂ ಸಾಮಾನ್ಯ ಹೆಸರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಡಾಟ್ ಫಾರ್ಮಸಿಯನ್ನು ನಡೆಸುವುದು ಅಮೆರಿಕದ ಔಷಧ ನಿಯಂತ್ರಣ ಮಂಡಳಿಗಳ ರಾಷ್ಟ್ರೀಯ ಸಂಘ. ಅಲ್ಲೂ ಪರಿಶೀಲನೆ ಆಗದೆ ಹೆಸರು ಸಿಗುವುದಿಲ್ಲ.

ನನ್ನ ಪ್ರಕಾರ ಕ್ಷೇತ್ರದ ಹೆಸರಿಗೆ ನಿಜವಾದ ಬೆಲೆ ಬರುವುದು ಇಂಥ ಕಡೆ. ಮೋಸಗಾರ ಒಳಗೆ ಬರಲು ಆಗದ ಜಾಗ ಅಂತ ಗೊತ್ತಾದಾಗ ಗ್ರಾಹಕ ಆ ಹೆಸರನ್ನು ನಂಬುತ್ತಾನೆ. ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2025ರ ಫೆಬ್ರವರಿ 7ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಬ್ಯಾಂಕ್ ಡಾಟ್ ಇನ್ ಅನ್ನುವ ಪ್ರತ್ಯೇಕ ವಿಳಾಸ ಪ್ರಕಟಿಸಿದರು. ಇದು ಡಾಟ್ ಇನ್ ಒಳಗಿನ ವಿಭಾಗ, ಹೊಸ ಎಕ್ಸ್‌ಟೆನ್ಶನ್ ಅಲ್ಲ. ಆದರೆ ಹಿಂದಿನ ಯೋಚನೆ ಅದೇ. ಈ ಹೆಸರು ಕೊಡುವ ಅಧಿಕಾರ ರಿಸರ್ವ್ ಬ್ಯಾಂಕೇ ಹುಟ್ಟುಹಾಕಿದ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಗೆ ಮಾತ್ರ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಅಲ್ಲಿಗೆ ಬದಲಾಗಬೇಕು ಅಂತ ಗಡುವು ಕೊಟ್ಟರು. ಈಗ ಎಸ್‌ಬಿಐ ವಿಳಾಸ ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್. ನಕಲಿ ಬ್ಯಾಂಕ್ ಲಿಂಕ್ ಕಳಿಸುವವನು ಏನೇ ಮಾಡಿದರೂ ಆ ಕೊನೆಯ ಎರಡು ತುಂಡು ಅವನಿಗೆ ಸಿಗುವುದಿಲ್ಲ.

ಇಲ್ಲೊಂದು ತಮಾಷೆ ಇದೆ ನೋಡಿ. ಬೆಲೆ ಇರುವ ಎಕ್ಸ್‌ಟೆನ್ಶನ್‌ಗಳಲ್ಲಿ ಕೊಂಡು ಮಾರುವವರಿಗೆ ಪ್ರವೇಶವೇ ಇಲ್ಲ. ಅವರಿಗೆ ತೆರೆದಿರುವುದು ಯಾರು ಬೇಕಾದರೂ ಬರಬಹುದಾದ ಕಡೆ ಮಾತ್ರ.

ಹಂತ 3: ರಿನ್ಯೂವಲ್ ದರ ಓದಿ, ಮತ್ತೆ ಓದಿ

ರಿಜಿಸ್ಟ್ರಾರ್, ಅಂದರೆ ನಮಗೆ ಹೆಸರು ನೋಂದಾಯಿಸಿ ಕೊಡುವ ಕಂಪನಿ, ಅದರ ವೆಬ್‌ಸೈಟಿನಲ್ಲಿ ಹೆಸರು ಹುಡುಕಿದಾಗ ದೊಡ್ಡ ಅಕ್ಷರದಲ್ಲಿ ಮೊದಲ ವರ್ಷದ ಬೆಲೆ ಇರುತ್ತದೆ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಎರಡನೇ ವರ್ಷದ ಬೆಲೆ. ಕೆಲವು ಕಡೆ ಕಾರ್ಟ್‌ಗೆ ಹೋಗುವ ತನಕ ಅದೂ ಕಾಣುವುದಿಲ್ಲ. ಮೊದಲ ವರ್ಷ ಮುನ್ನೂರು ರೂಪಾಯಿ ಇದ್ದ ಹೆಸರು ಮುಂದಿನ ವರ್ಷ ಮೂರು ಸಾವಿರ ದಾಟುವುದು ಈ ಎಕ್ಸ್‌ಟೆನ್ಶನ್‌ಗಳಲ್ಲಿ ಮಾಮೂಲು. ಮೇಲೆ ಶೇ. 18 ಜಿಎಸ್‌ಟಿ. ದರದ ಮೂಲ ಡಾಲರಿನಲ್ಲಿ ಇರುವುದರಿಂದ ರೂಪಾಯಿ ಇಳಿದಾಗಲೂ ಅದರ ಬಿಸಿ ನಿಮಗೇ.

ಕೊಳ್ಳುವ ಮುಂಚೆ ಈ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ:

- ಮೊದಲ ವರ್ಷದ ಬೆಲೆ, ತೆರಿಗೆ ಸೇರಿಸಿ
- ಎರಡನೇ ವರ್ಷದಿಂದ ರಿನ್ಯೂವಲ್ ಬೆಲೆ, ತೆರಿಗೆ ಸೇರಿಸಿ
- ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಿದರೆ ಅಲ್ಲಿನ ಬೆಲೆ
- ಹೆಸರಿನ ಪಕ್ಕ "ಪ್ರೀಮಿಯಂ" ಅಂತ ಇದೆಯಾ

ಕೊನೆಯದು ದೊಡ್ಡ ಬಲೆ. ಒಳ್ಳೊಳ್ಳೆ ಪದಗಳನ್ನು ರಿಜಿಸ್ಟ್ರಿಗಳು, ಅಂದರೆ ಆ ಎಕ್ಸ್‌ಟೆನ್ಶನ್‌ನ ಮಾಲೀಕರು, ಮೊದಲೇ ಪಕ್ಕಕ್ಕೆ ತೆಗೆದಿಟ್ಟು ಪ್ರೀಮಿಯಂ ಅಂತ ಗುರುತು ಹಾಕಿರುತ್ತಾರೆ. ಕೆಲವು ಪ್ರೀಮಿಯಂ ಹೆಸರುಗಳಿಗೆ ಒಂದು ಸಲ ಜಾಸ್ತಿ ಕೊಟ್ಟರೆ ಮುಗಿಯಿತು, ಆಮೇಲೆ ಸಾಮಾನ್ಯ ರಿನ್ಯೂವಲ್. ಇನ್ನು ಕೆಲವಕ್ಕೆ ಪ್ರತಿ ವರ್ಷವೂ ಅದೇ ದೊಡ್ಡ ಬೆಲೆ. ವರ್ಷಕ್ಕೆ ನಲವತ್ತು ಸಾವಿರ ಕಟ್ಟಬೇಕಾದ ಹೆಸರನ್ನು ಎರಡನೇ ಕೈಯಲ್ಲಿ ಯಾರು ಕೊಳ್ಳುತ್ತಾರೆ? ಮಾರುವ ಉದ್ದೇಶ ಇದ್ದರೆ ಅಂಥ ಹೆಸರು ಎಷ್ಟೇ ಚೆಂದ ಇರಲಿ, ಬಿಟ್ಟುಬಿಡಿ.

ಡಾಟ್ ಕಾಮ್‌ಗೂ ಇವಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಡಾಟ್ ಕಾಮ್‌ನ ಸಗಟು ದರಕ್ಕೆ ಒಪ್ಪಂದದಲ್ಲೇ ಮಿತಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅದು 10.26 ಡಾಲರ್ ಆಯಿತು. ಹೊಸ ಎಕ್ಸ್‌ಟೆನ್ಶನ್‌ಗಳಿಗೆ ಅಂಥ ಮಿತಿಯೇ ಇಲ್ಲ. 2017ರಲ್ಲಿ ಯೂನಿರಿಜಿಸ್ಟ್ರಿ ಕಂಪನಿ ತನ್ನ ಕೆಲವು ಎಕ್ಸ್‌ಟೆನ್ಶನ್‌ಗಳ ದರ ಏರಿಸುವುದಾಗಿ ಹೇಳಿತು. ಡಾಟ್ ಹೋಸ್ಟಿಂಗ್ ಇಪ್ಪತ್ತು ಡಾಲರ್ ಆಸುಪಾಸಿನಿಂದ ಮುನ್ನೂರು ಡಾಲರ್‌ಗೆ ಹೋಯಿತು. ಕೊಂಡವರು ಕಡಿಮೆ, ಹಾಗಾಗಿ ಇದ್ದವರಿಂದಲೇ ಖರ್ಚು ಗಿಟ್ಟಿಸಬೇಕು ಅನ್ನೋದು ಅಲ್ಲಿನ ತರ್ಕ. ಎಕ್ಸ್‌ಟೆನ್ಶನ್ ಗೆದ್ದರೂ ಬೆಲೆ ಏರಬಹುದು, ಸೋತರೂ ಏರಬಹುದು ಅಂತ ಆಗ ಎಲ್ಲರಿಗೂ ಅರ್ಥವಾಯಿತು.

ನಿಮ್ಮ ಕೈಲಿರುವ ಗುರಾಣಿ ಒಂದೇ. ಐಕ್ಯಾನ್ ಒಪ್ಪಂದದ ಪ್ರಕಾರ ರಿನ್ಯೂವಲ್ ದರ ಏರಿಸುವ ರಿಜಿಸ್ಟ್ರಿ 180 ದಿನ ಮೊದಲು ರಿಜಿಸ್ಟ್ರಾರ್‌ಗಳಿಗೆ ತಿಳಿಸಬೇಕು. ಅಷ್ಟರೊಳಗೆ ಹಳೆಯ ದರದಲ್ಲೇ ಹತ್ತು ವರ್ಷದವರೆಗೆ ರಿನ್ಯೂ ಮಾಡಿಕೊಳ್ಳಲು ಅವಕಾಶ ಇದೆ. ಅಂಗಡಿ, ಆಸ್ಪತ್ರೆ, ಶಾಲೆ ನಡೆಯುವ ಹೆಸರಾದರೆ ದರ ಏರಿಕೆಯ ಇಮೇಲ್ ಬಂದ ದಿನವೇ ಹತ್ತು ವರ್ಷಕ್ಕೆ ಕಟ್ಟಿಬಿಡಿ. ಮಾರಲು ಇಟ್ಟ ಹೆಸರಿಗೆ ಮಾತ್ರ ಆ ಕೆಲಸ ಮಾಡಬೇಡಿ.

ಹಂತ 4: ಎಕ್ಸ್‌ಟೆನ್ಶನ್‌ನ ಆರೋಗ್ಯ ನೋಡಿ

2006ರಲ್ಲಿ ಡಾಟ್ ಮೊಬಿ ಬಂತು. ಮೊಬೈಲ್‌ಗೆ ಬೇರೆಯೇ ವೆಬ್‌ಸೈಟ್ ಬೇಕು ಅನ್ನುವ ಕಾಲ ಅದು. ಬೆನ್ನಿಗೆ ನೋಕಿಯಾ, ಮೈಕ್ರೋಸಾಫ್ಟ್, ವೊಡಾಫೋನ್ ಥರದ ದೈತ್ಯರು ನಿಂತಿದ್ದರು. ಅದೇ ವರ್ಷ ಹೆಸರಾಂತ ಡೊಮೇನ್ ವ್ಯಾಪಾರಿ ರಿಕ್ ಶ್ವಾರ್ಟ್ಸ್ ಹರಾಜಿನಲ್ಲಿ ಫ್ಲವರ್ಸ್ ಡಾಟ್ ಮೊಬಿಗೆ ಎರಡು ಲಕ್ಷ ಡಾಲರ್ ಕೊಟ್ಟರು. ಮುಂದಿನ ವರ್ಷ ಐಫೋನ್ ಬಂತು. ಫೋನಿನಲ್ಲೇ ಸಾಮಾನ್ಯ ವೆಬ್‌ಸೈಟ್ ತೆರೆಯಿತು. ಪರದೆಯ ಅಳತೆಗೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿನ್ಯಾಸ ಬಂದ ಮೇಲೆ ಬೇರೆ ವಿಳಾಸದ ಅಗತ್ಯವೇ ಹೋಯಿತು. ಆ ಹೆಸರು ಮತ್ತೆ ಕೈ ಬದಲಾದಾಗ ಕೊಟ್ಟ ಬೆಲೆಯ ಹತ್ತನೇ ಒಂದು ಭಾಗವೂ ಬರಲಿಲ್ಲ. ಹೂವಿನ ವ್ಯಾಪಾರಕ್ಕೆ ಏನೂ ಆಗಿರಲಿಲ್ಲ, ಡಾಟ್ ನಂತರದ ಪದಕ್ಕೆ ಕೆಲಸ ಇಲ್ಲದಾಗಿತ್ತು.

ಹಾಗಾಗಿ ನೀವು ನೋಡುತ್ತಿರುವ ಎಕ್ಸ್‌ಟೆನ್ಶನ್‌ಗೆ ಈ ಪರೀಕ್ಷೆ ಮಾಡಿ. ಆ ಕ್ಷೇತ್ರದ ಜನ ಅದನ್ನು ನಿಜವಾಗಿ ಬಳಸುತ್ತಿದ್ದಾರಾ? ಗೂಗಲ್‌ನಲ್ಲಿ "ಸೈಟ್" ಅನ್ನುವ ಇಂಗ್ಲಿಷ್ ಪದ, ಕೋಲನ್, ಆಮೇಲೆ ಎಕ್ಸ್‌ಟೆನ್ಶನ್ ಕೊಟ್ಟು ಹುಡುಕಿದರೆ ಅದರಲ್ಲಿರುವ ಪುಟಗಳು ಸಿಗುತ್ತವೆ. ನಿಜವಾದ ಅಂಗಡಿ, ಸ್ಟುಡಿಯೋ, ಕ್ಲಿನಿಕ್ ಕಂಡರೆ ಒಳ್ಳೆಯದು. ಬರೀ "ಈ ಹೆಸರು ಮಾರಾಟಕ್ಕಿದೆ" ಅನ್ನುವ ಪುಟಗಳೇ ತುಂಬಿದ್ದರೆ ಅಲ್ಲಿ ಮಾರುವವರೇ ಇದ್ದಾರೆ, ಕೊಳ್ಳುವವರಿಲ್ಲ.

ನೋಂದಣಿಯ ಸಂಖ್ಯೆ ನೋಡಿ ಮರುಳಾಗಬೇಡಿ. 2016ರಲ್ಲಿ ಡಾಟ್ ಎಕ್ಸ್‌ವೈಝಡ್ ಹೆಸರುಗಳನ್ನು ಒಂದೆರಡು ಸೆಂಟ್‌ಗೆ ಹಂಚಿದರು. ಸಂಖ್ಯೆ ಆಕಾಶಕ್ಕೆ ಹೋಯಿತು. ವರ್ಷ ತುಂಬಿ ಪೂರ್ತಿ ದರ ಕಟ್ಟುವ ಹೊತ್ತಿಗೆ ಲಕ್ಷಾಂತರ ಹೆಸರು ಉದುರಿಹೋದವು. ತೀರಾ ಅಗ್ಗದ ಎಕ್ಸ್‌ಟೆನ್ಶನ್‌ಗಳಿಗೆ ಸ್ಪ್ಯಾಮ್ ಕಳಿಸುವವರೂ ಬೇಗ ಮುತ್ತುತ್ತಾರೆ. ಆಮೇಲೆ ನೀವು ಕಳಿಸಿದ ಪ್ರಾಮಾಣಿಕ ಇಮೇಲ್ ಕೂಡ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ.

ರಿಜಿಸ್ಟ್ರಿಯೇ ಮುಳುಗಿದರೆ? ಮದುವೆಯವರಿಗೆ ಅಂತ ಬಂದ ಡಾಟ್ ವೆಡ್ 2017ರ ಕೊನೆಗೆ ಹಾಗಾಯಿತು. ತುರ್ತು ನಿರ್ವಹಣೆಗೆ ಬ್ರಿಟನ್ನಿನ ನಾಮಿನೆಟ್ ಸಂಸ್ಥೆಗೆ ಅದನ್ನು ಒಪ್ಪಿಸಿದರು. ಅಂದರೆ ಹೆಸರುಗಳು ರಾತ್ರೋರಾತ್ರಿ ಆರಿಹೋಗದಂತೆ ವ್ಯವಸ್ಥೆ ಇದೆ. ಹಾಗಂತ ಅಂಥ ಹೆಸರನ್ನು ಯಾರಿಗಾದರೂ ಮಾರೋಕೆ ಹೋಗಿ ನೋಡಿ.

ಹಂತ 5: ಬಾಯಿಬಿಟ್ಟು ಹೇಳಿ ನೋಡಿ

ಡಾಟ್‌ನ ಎರಡೂ ಕಡೆಯ ಪದ ಸೇರಿ ಒಂದು ಸಹಜ ಮಾತಾಗಬೇಕು. ವೆಕೇಶನ್ ಡಾಟ್ ರೆಂಟಲ್ಸ್, ಹೋಮ್ ಡಾಟ್ ಲೋನ್ಸ್ 2018ರಲ್ಲಿ ತಲಾ ಸುಮಾರು ಐದು ಲಕ್ಷ ಡಾಲರ್‌ಗೆ ಮಾರಾಟವಾದವು. ಡಾಟ್ ತೆಗೆದರೂ ಜನ ದಿನಾ ಹುಡುಕುವ ಮಾತುಗಳು ಅವು, ಅದೂ ದುಡ್ಡು ಓಡಾಡುವ ಕ್ಷೇತ್ರದಲ್ಲಿ. ಇಂಥ ಮಾರಾಟದ ಸುದ್ದಿ ತೋರಿಸಿಯೇ ಉಳಿದ ಹೆಸರುಗಳನ್ನು ನಮಗೆ ಮಾರುವುದು. ನಿಮ್ಮ ಪಟ್ಟಿಯಲ್ಲಿ ಆ ಮಟ್ಟದ್ದು ಒಂದಾದರೂ ಇದೆಯಾ ಅಂತ ನಿಷ್ಠುರವಾಗಿ ಕೇಳಿಕೊಳ್ಳಿ.

ಆಮೇಲೆ ಫೋನಿನಲ್ಲಿ ಯಾರಿಗಾದರೂ ವಿಳಾಸ ಹೇಳಿ. ಮಾತುಕತೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ನಮ್ಮೂರು ಡಾಟ್ ಕಾಫಿ."
"ನಮ್ಮೂರು ಕಾಫಿ ಡಾಟ್ ಕಾಮಾ?"
"ಇಲ್ಲ, ಡಾಟ್ ಕಾಮ್ ಇಲ್ಲ. ಬರೀ ಡಾಟ್ ಕಾಫಿ."
"ಹಾ, ನಮ್ಮೂರು ಡಾಟ್ ಕಾಫಿ ಡಾಟ್ ಕಾಮ್."

ಇದು ನಗುವ ವಿಷಯ ಅಲ್ಲ. ನಿಮ್ಮ ಹೆಸರಿನ ಡಾಟ್ ಕಾಮ್ ಬೇರೆಯವರ ಕೈಲಿದ್ದರೆ ನಿಮಗೆ ಬರಬೇಕಾದ ಗ್ರಾಹಕರೂ ಇಮೇಲ್‌ಗಳೂ ಅಲ್ಲಿಗೆ ಹೋಗುತ್ತವೆ. ಡಾಟ್ ಕಾಮ್ ಅಥವಾ ಡಾಟ್ ಇನ್ ಖಾಲಿ ಇದ್ದರೆ ಅದನ್ನೂ ಕೊಂಡು ಹೊಸ ವಿಳಾಸಕ್ಕೆ ತಿರುಗಿಸಿ. ಅದು ನಿಮ್ಮದೇ ಕ್ಷೇತ್ರದ ಪ್ರತಿಸ್ಪರ್ಧಿಯ ಕೈಲಿದ್ದರೆ ಬೇರೆ ಹೆಸರು ಹುಡುಕಿ. ಇನ್ನೊಂದು ಕಿರಿಕಿರಿ ಅಂದರೆ ಹಳೆಯ ಆನ್‌ಲೈನ್ ಫಾರ್ಮ್‌ಗಳು. ಕೆಲವು ಈಗಲೂ ಉದ್ದದ ಎಕ್ಸ್‌ಟೆನ್ಶನ್ ಇರುವ ಇಮೇಲ್ ವಿಳಾಸವನ್ನು ತಪ್ಪು ಅನ್ನುತ್ತವೆ. ಕನ್ನಡ ಲಿಪಿಯ ಡಾಟ್ ಭಾರತ ಕೊಂಡವರಿಗೆ ಈ ಪಾಡು ಇನ್ನೂ ಜಾಸ್ತಿ.

ಹೆಸರಿನಲ್ಲೇ ಕ್ಷೇತ್ರ ಇದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಹಾಗೇನಿಲ್ಲ ಅಂತ 2015ರಲ್ಲೇ ಗೂಗಲ್ ಸ್ಪಷ್ಟಪಡಿಸಿದೆ. ಹೊಸ ಎಕ್ಸ್‌ಟೆನ್ಶನ್‌ಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹಂತ 6: ಅದು ಬೇರೆಯವರ ಹೆಸರಾ?

ಬೆಂಗಳೂರಿನ ನ್ಯಾಯಾಲಯದಲ್ಲಿ ಶುರುವಾದ ಒಂದು ಜಗಳ ಈ ವಿಷಯದಲ್ಲಿ ದೇಶಕ್ಕೇ ಕಾನೂನು ಹೇಳಿಕೊಟ್ಟಿತು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ "ಸಿಫಿ" ಅಂತ ಪದ ಕಟ್ಟಿಕೊಂಡು 1999ರಲ್ಲಿ ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು "ಎಫ್" ಜಾಸ್ತಿ ಹಾಕಿ ಸಿಫ್ಫಿನೆಟ್ ಅಂತ ವ್ಯವಹಾರ ಶುರುಮಾಡಿತು. ಸಿಟಿ ಸಿವಿಲ್ ಕೋರ್ಟ್ ಸತ್ಯಂ ಪರ ತಡೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಪರ ನಿಂತಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನ ಲಕ್ಷಣ ಇದೆ, ಅದಕ್ಕೂ ರಕ್ಷಣೆ ಇದೆ ಅಂತ ಹೇಳಿತು.

ಇದರ ಅರ್ಥ ಇಷ್ಟೆ. ಪ್ರಸಿದ್ಧ ಬ್ರಾಂಡಿನ ಹೆಸರಿಗೆ ಡಾಟ್ ಕಾಫಿಯೋ ಡಾಟ್ ಜ್ಯುವೆಲರಿಯೋ ಸೇರಿಸಿ ಕೊಂಡರೆ ಆ ಕಂಪನಿ ನಿಮ್ಮಿಂದ ಕೊಳ್ಳುವುದಿಲ್ಲ, ಕಿತ್ತುಕೊಳ್ಳುತ್ತದೆ. ಹೊಸ ಎಕ್ಸ್‌ಟೆನ್ಶನ್‌ಗಳಲ್ಲಿ ಅದಕ್ಕೆ ಕೋರ್ಟಿಗೂ ಹೋಗಬೇಕಿಲ್ಲ. ಐಕ್ಯಾನ್‌ನ ವಿವಾದ ಪ್ರಕ್ರಿಯೆ ಇದೆ, ಸುಮಾರು 1,500 ಡಾಲರ್ ಶುಲ್ಕದಲ್ಲಿ ತಿಂಗಳುಗಳೊಳಗೆ ಮುಗಿಯುತ್ತದೆ. ಕೊಳ್ಳುವ ಮುಂಚೆ ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಉಚಿತ ಹುಡುಕಾಟದಲ್ಲಿ ಹೆಸರು ಹಾಕಿ ನೋಡಿ.

ಹಂತ 7: ಕೊಳ್ಳುವ ದಿನ

ಇದು ಸಣ್ಣ ಕೆಲಸ. ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಬೇಡ. ಆ ಇಮೇಲ್ ಇದೇ ಡೊಮೇನಿನದ್ದು ಆಗಿರಬಾರದು, ಡೊಮೇನ್ ನಿಂತರೆ ಇಮೇಲೂ ನಿಲ್ಲುತ್ತದೆ. ಎರಡು ಹಂತದ ಲಾಗಿನ್ ಹಾಕಿ. ಬಳಸುವ ಹೆಸರಿಗೆ ಆಟೋ ರಿನ್ಯೂ ಇರಲಿ, ಮಾರುವ ಹೆಸರಿಗೆ ತೆಗೆದುಬಿಡಿ. ಡಾಟ್ ಆಪ್, ಡಾಟ್ ಡೆವ್ ಕೊಂಡರೆ ಸುರಕ್ಷತಾ ಸರ್ಟಿಫಿಕೇಟ್ ಇಲ್ಲದೆ ಸೈಟ್ ತೆರೆಯುವುದೇ ಇಲ್ಲ ಅನ್ನೋದು ಗೊತ್ತಿರಲಿ.

ಅವಧಿ ಮುಗಿದ ಹೆಸರು ತಕ್ಷಣ ಹೋಗುವುದಿಲ್ಲ. ರಿಜಿಸ್ಟ್ರಾರ್ ಪ್ರಕಾರ 45 ದಿನದವರೆಗೆ ವಿನಾಯಿತಿ ಸಿಗಬಹುದು. ನಂತರ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ, ಆ ದಂಡ ಸಾವಿರಗಟ್ಟಲೆ. ಕೊನೆಗೆ 5 ದಿನ ಕಾದು ಹೆಸರು ಎಲ್ಲರಿಗೂ ತೆರೆಯುತ್ತದೆ.

ಹಂತ 8: ಮಾರುವವರ ಲೆಕ್ಕ

ಇದನ್ನು ಕಾಗದದ ಮೇಲೆ ಮಾಡಿ. ಐವತ್ತು ಹೆಸರು, ತಲಾ ಮೂರು ಸಾವಿರ ರಿನ್ಯೂವಲ್. ವರ್ಷಕ್ಕೆ ಒಂದೂವರೆ ಲಕ್ಷ. ನೂರು ಹೆಸರಿದ್ದರೆ ವರ್ಷಕ್ಕೆ ಒಂದೋ ಎರಡೋ ಮಾರಾಟ ಆಗುತ್ತದೆ ಅನ್ನೋದು ಈ ವ್ಯಾಪಾರದವರ ನಡುವಿನ ಸಾಮಾನ್ಯ ಅಂದಾಜು. ಐವತ್ತಕ್ಕೆ ಅಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು. ಹಾಗಾದರೆ ಪ್ರತಿ ಮಾರಾಟದಿಂದ ಒಂದೂವರೆಯಿಂದ ಮೂರು ಲಕ್ಷ ಬಂದರೆ ಅಸಲು ಮಾತ್ರ ಹುಟ್ಟುತ್ತದೆ. ಮಾರುಕಟ್ಟೆ ತಾಣದ ಕಮಿಷನ್ ಬೇರೆ. ಅದೇ ಐವತ್ತು ಡಾಟ್ ಕಾಮ್ ಆಗಿದ್ದು ರಿನ್ಯೂವಲ್ ಸಾವಿರದ ಇನ್ನೂರು ಇದ್ದರೆ ವರ್ಷದ ಖರ್ಚು ಅರವತ್ತು ಸಾವಿರಕ್ಕೆ ಇಳಿಯುತ್ತದೆ.

ಪೂರೈಕೆಯೂ ಕಡಿಮೆ ಆಗುವುದಿಲ್ಲ. ಮುಂದಿನ ಸುತ್ತಿನ ಹೊಸ ಎಕ್ಸ್‌ಟೆನ್ಶನ್ ಅರ್ಜಿಗಳಿಗೆ ಐಕ್ಯಾನ್ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗೆ ಅವಧಿ ಗೊತ್ತುಮಾಡಿದೆ, ಶುಲ್ಕ 2,27,000 ಡಾಲರ್. ನಿಮ್ಮ ಹೆಸರಿಗೆ ಬದಲಿಯಾಗಿ ನಿಲ್ಲಬಲ್ಲ ಇನ್ನಷ್ಟು ಹೆಸರು ಬರುತ್ತವೆ.

ಇಷ್ಟಾದ ಮೇಲೂ ಕೈ ಹಾಕುವುದಾದರೆ ಐದು ಹೆಸರಿಗಿಂತ ಜಾಸ್ತಿ ಬೇಡ. ಪ್ರತಿಯೊಂದಕ್ಕೂ ಕೊಳ್ಳಬಹುದಾದ ಇಪ್ಪತ್ತು ನಿಜವಾದ ವ್ಯಾಪಾರಗಳ ಪಟ್ಟಿ ಮಾಡಲು ಆಗಬೇಕು. ಆಗದಿದ್ದರೆ ಆ ಹೆಸರು ಬಿಡಿ. ಕೊಂಡ ಹೆಸರಿನಲ್ಲಿ "ಮಾರಾಟಕ್ಕಿದೆ" ಅನ್ನುವ ಪುಟ ಹಾಕಿ, ಬೆಲೆ ನಮೂದಿಸಿ. ಬೆಲೆ ಕೇಳಿ ತಿಳಿಯುವ ತಾಳ್ಮೆ ಸಣ್ಣ ವ್ಯಾಪಾರಿಗೆ ಇರುವುದಿಲ್ಲ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಗಿರಾಕಿ ಸಿಕ್ಕರೆ ದುಡ್ಡು ಎಸ್ಕ್ರೋ, ಅಂದರೆ ವ್ಯವಹಾರ ಮುಗಿಯುವ ತನಕ ದುಡ್ಡು ಇಟ್ಟುಕೊಳ್ಳುವ ಮಧ್ಯವರ್ತಿಯ ಮೂಲಕವೇ ಬರಲಿ. ಹಣ ಅಲ್ಲಿ ಜಮಾ ಆದ ಮೇಲಷ್ಟೇ ವರ್ಗಾವಣೆಯ ಕೋಡ್ ಕೊಡಿ.

ಎರಡು ರಿನ್ಯೂವಲ್ ಆಗುವವರೆಗೂ ಒಬ್ಬರೂ ವಿಚಾರಿಸದ ಹೆಸರನ್ನು ಮೂರನೆಯದಕ್ಕೆ ಕಟ್ಟದೆ ಬಿಟ್ಟುಬಿಡಿ. ಪ್ರತಿ ರಸೀದಿಯನ್ನೂ, ಡಾಲರಿನಲ್ಲಿ ಕಟ್ಟಿದ್ದರೆ ಕಾರ್ಡ್ ಸ್ಟೇಟ್‌ಮೆಂಟನ್ನೂ ಒಂದು ಕಡೆ ಇಟ್ಟುಕೊಳ್ಳಿ. ಮಾರಾಟ ಆದ ವರ್ಷ ತೆರಿಗೆ ಲೆಕ್ಕ ಹಾಕುವಾಗ ನಿಮ್ಮ ಸಿಎ ಮೊದಲು ಕೇಳುವುದು ಅದನ್ನೇ.